ತಪ್ಪು ಹುಡುಕಿದವರಿಗೆ ಚೆಕ್ ಬರೆದ ಮೇಷ್ಟ್ರು

2 ಡಾಲರ್ 56 ಸೆಂಟ್‌ನ ಚೆಕ್. ಪಡೆದ ಅನೇಕರು ಬ್ಯಾಂಕಿಗೆ ಹಾಕಲೇ ಇಲ್ಲ. ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದರು. ಬರೆದುಕೊಟ್ಟವರು ಸ್ಟ್ಯಾನ್‌ಫರ್ಡ್‌ನ ಪ್ರೊಫೆಸರ್ ಡೊನಾಲ್ಡ್ ಕ್ನೂತ್. ಅವರ ಪುಸ್ತಕದಲ್ಲಿ ತಪ್ಪು ಹುಡುಕಿದವರಿಗೆ ಸಿಗುತ್ತಿದ್ದ ಬಹುಮಾನ ಇದು. 256 ಯಾಕೆ? ಎಂಟು ಎರಡುಗಳನ್ನು ಒಂದಕ್ಕೊಂದು ಗುಣಿಸಿ ನೋಡಿ.

‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಬರೆಯಲು ಅವರು ಕೂತದ್ದು 1962ರಲ್ಲಿ. ಇನ್ನೂ ಮುಗಿದಿಲ್ಲ!

1977ರಲ್ಲಿ ಎರಡನೇ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ಕೈಗೆ ಬಂತು. ಆ ಅಕ್ಷರಗಳನ್ನು ನೋಡಿ ಅವರಿಗೆ ಸಂಕಟವಾಯಿತು. ಬರವಣಿಗೆ ಬದಿಗಿಟ್ಟು, ಪುಟ ಜೋಡಿಸುವ ಸಾಫ್ಟ್‌ವೇರನ್ನೇ ಕಟ್ಟಲು ಕೂತರು. ಅದೇ ‘ಟೆಕ್’. ಎಲ್ಲರಿಗೂ ಉಚಿತವಾಗಿ ಕೊಟ್ಟುಬಿಟ್ಟರು. ಗಣಿತದ ಪ್ರಬಂಧಗಳು ಇವತ್ತಿಗೂ ಹೆಚ್ಚಾಗಿ ಅದರಲ್ಲೇ ಸಿದ್ಧವಾಗುತ್ತವೆ. ಸಾಫ್ಟ್‌ವೇರ್ ಪೇಟೆಂಟ್ ಬೇಡವೆಂದು ಅಮೆರಿಕದ ಪೇಟೆಂಟ್ ಕಚೇರಿಗೇ ಪತ್ರ ಬರೆದವರು ಅವರು.

1990ರಿಂದ ಇಮೇಲ್ ಬಿಟ್ಟಿದ್ದಾರೆ. ಮನೆಯಲ್ಲೊಂದು ಪೈಪ್ ಆರ್ಗನ್ ಇದೆ, ತಾವೇ ನುಡಿಸುತ್ತಾರೆ.