ಮುಪ್ಪಿನಲ್ಲಿ ಗೆಳತಿಯರ ಒಡನಾಟ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಅನೇಕ ಹಿರಿಯ ಮಹಿಳೆಯರ ಸ್ನೇಹವು ಜಗಲಿಯಲ್ಲಿ ಒಟ್ಟಿಗೆ ಕುಳಿತು ಬೀಡಿ ಕಟ್ಟುವಾಗ ಬೆಳೆದುದು. ಎಲೆ ಕತ್ತರಿಸುತ್ತ, ಕಟ್ಟಿದ ಬೀಡಿಯೊಡನೆ ಬ್ರಾಂಚಿಗೆ ಜೊತೆಯಾಗಿ ನಡೆಯುತ್ತ ಅವರು ಸುಖದುಃಖಗಳನ್ನು ಹಂಚಿಕೊಂಡರು. ದೃಷ್ಟಿ ಮಂದವಾಗಿ, ಮೊಣಕಾಲು ನೋವು ಬಂದು ಕೆಲಸ ನಿಂತಾಗ ಆ ಒಡನಾಟವೂ ನಿಂತುಹೋಗುವುದುಂಟು.

ಒಂಟಿತನದಿಂದ ದೇಹಕ್ಕೂ ಹಾನಿಯುಂಟು. ಹೃದ್ರೋಗ, ಪಾರ್ಶ್ವವಾಯು, ಮರೆವಿನ ಕಾಯಿಲೆಗಳ ಸಂಭವ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯಂತೆ ಜಗತ್ತಿನ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಾರೆ.

ಆದುದರಿಂದ ಸಮೀಪದ ಆರೋಗ್ಯ ಕೇಂದ್ರದಲ್ಲಿ ತಾಯಿಯ ಕಣ್ಣು, ಕಿವಿ, ಮೊಣಕಾಲುಗಳನ್ನು ತೋರಿಸಿರಿ. ವಾರಕ್ಕೊಮ್ಮೆಯಾದರೂ ಅವರನ್ನು ಹಳೆಯ ಗೆಳತಿಯ ಮನೆಗೆ ಕರೆದೊಯ್ಯಿರಿ. ಇಲ್ಲವೇ ಗೆಳತಿಯನ್ನೇ ನಿಮ್ಮ ಜಗಲಿಗೆ ಕರೆತನ್ನಿರಿ. ಇದು ಮಕ್ಕಳೆಲ್ಲರ ಕರ್ತವ್ಯ.