ಬಳ್ಳಾರಿ ಜಾಲಿ: ಉರಿಸುವ ಮುನ್ನ

ರೋಣ ತಾಲ್ಲೂಕಿನ ಸವಡಿಯಂತಹ ಊರುಗಳ ಎರೆಭೂಮಿಯಲ್ಲಿ, ಬೀಳುಬಿದ್ದ ಹೊಲಗಳನ್ನೂ ಹಳ್ಳದ ದಂಡೆಗಳನ್ನೂ ಕೆಲವೇ ವರ್ಷಗಳಲ್ಲಿ ಮುತ್ತಿಬಿಡುವ ಮುಳ್ಳುಮರವನ್ನು ಯಾರು ತಾನೆ ಅರಿಯರು? ಹೆಸರು ಬಳ್ಳಾರಿ ಜಾಲಿಯಾದರೂ ಅದರ ತವರು ಬಳ್ಳಾರಿಯಲ್ಲ. ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದ ಉತ್ತರ ಭಾಗದವರೆಗಿನ ಒಣನಾಡು. ಪ್ರೊಸೋಪಿಸ್ ಜೂಲಿಫ್ಲೋರಾ ಎಂಬ ಈ ಮರ ೧೮೭೭ರ ಸುಮಾರಿಗೆ ಅಂದಿನ ಮದರಾಸು ಪ್ರಾಂತವನ್ನು ಸೇರಿತು. ರೈತನಿಗೆ ಇದು ಶತ್ರು. ಕಡಿದರೆ ಸೌದೆ, ಇಲ್ಲವೆ ಇದ್ದಿಲು. ಉರಿಸುವ ಮುನ್ನ ಅದರ ಕೆಚ್ಚನ್ನು ಒಮ್ಮೆ ಪರೀಕ್ಷಿಸೋಣ.

ಒಣಗಿದ ಕೊರಡಿನಿಂದ ಒಂದೇ ದಪ್ಪದ ಚಪ್ಪಟೆ ತುಂಡನ್ನು ಕೊಯ್ದು ನೀರಿನಲ್ಲಿ ತೇಲಿಬಿಡಿರಿ. ದಪ್ಪದ ಹತ್ತು ಪಾಲಿನಲ್ಲಿ ಎಂಟು ಪಾಲು ಮುಳುಗಿದರೆ ಅದರ ಸಾಪೇಕ್ಷ ಸಾಂದ್ರತೆ ೦.೮. ಆರ್ಕಿಮಿಡೀಸನ ತತ್ತ್ವವೇ ಇಲ್ಲಿ ತಕ್ಕಡಿ. ತೇಗದ ತುಂಡು ಇಷ್ಟು ಮುಳುಗದು. ಕಾರಣವೇನು? ಎಲ್ಲ ಮರಗಳ ಕೋಶಭಿತ್ತಿಯ ಸಾಂದ್ರತೆ ಸುಮಾರು ೧.೫, ಭೇದವಿರುವುದು ಒಳಗಿನ ಟೊಳ್ಳಿನಲ್ಲಿ. ಜಾಲಿಯಲ್ಲಿ ಟೊಳ್ಳು ಕಡಿಮೆ, ಗಟ್ಟಿ ಹೆಚ್ಚು. ಒಣಸೌದೆಗಳು ತೂಕಕ್ಕೆ ಹೆಚ್ಚುಕಡಿಮೆ ಸಮನಾದ ಶಾಖವನ್ನೇ ಕೊಡುತ್ತವೆ. ಆದರೆ ಒಂದೇ ಗಾತ್ರದ ಒಲೆಯಲ್ಲಿ ಜಾಲಿ ಹೆಚ್ಚು ಹಿಡಿಸುವುದರಿಂದ ಅದು ಬಹುಕಾಲ ಉರಿಯುತ್ತದೆ.

ಇದಕ್ಕಿಂತಲೂ ಅಪೂರ್ವವಾದ ಗುಣ ಇನ್ನೊಂದುಂಟು. ಮರ ಒಣಗುವಾಗ ವರ್ಷವಲಯಗಳ ಗುಂಟ ಆಗುವ ಸಂಕೋಚನ, ತಿರುಳಿನಿಂದ ತೊಗಟೆಯ ದಿಕ್ಕಿಗೆ ಆಗುವುದರ ಸುಮಾರು ಇಮ್ಮಡಿ. ಹಲಗೆ ಸೊಟ್ಟಗಾಗುವುದೂ ಬಿರಿಯುವುದೂ ಈ ಅಸಮತೆಯಿಂದಲೇ. ಪ್ರೊಸೋಪಿಸ್ ಕುಲದ ಮರಗಳಲ್ಲಿ ಸಂಕೋಚನವೇ ಅತ್ಯಲ್ಪ, ಅಸಮತೆಯೂ ಕಡಿಮೆ. ಬ್ಯೂನಸ್ ಐರಿಸ್ ನಗರದ ಹಲವು ಬೀದಿಗಳಿಗೆ ಹಿಂದೆ ಇದೇ ಕುಲದ ಅಲ್ಗರ್ರೋಬೋ ಮರದ ಇಟ್ಟಿಗೆಗಳನ್ನು ಹಾಸಿದ್ದರು. ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವ ಮರ ಅಂತಹ ಕೆಲಸಕ್ಕೆ ಒದಗುವುದೆ?

ಹಾಗಾದರೆ ನಮ್ಮ ಬಡಿಗರು ಇದನ್ನೇಕೆ ಕೈಗೆತ್ತಿಕೊಳ್ಳುವುದಿಲ್ಲ? ಕಾಂಡ ಗಿಡ್ಡ, ಸೊಟ್ಟ, ಮೈತುಂಬ ಗಂಟು. ಉದ್ದನೆಯ ತೊಲೆ ಸಿಗುವುದು ದುರ್ಲಭ. ಆದರೆ ಕೊಡಲಿಯ ಕಾವು, ನೆಲಕ್ಕೆ ಹಾಸುವ ಚಿಕ್ಕ ಹಲಗೆ, ಕಡೆದ ಆಟಿಕೆ ಇವುಗಳಿಗೆ ಉದ್ದವೇಕೆ?

ಒಂದು ಎಚ್ಚರಿಕೆ ಅಗತ್ಯ. ಮರ ಒಳ್ಳೆಯದೆಂದು ಯಾರೂ ಇದನ್ನು ನೆಡಬಾರದು. ಬುಡದಲ್ಲಿ ಕಡಿದಷ್ಟಕ್ಕೆ ಇದು ಸಾಯುವುದೂ ಇಲ್ಲ. ಉಳಿದ ಮೋಟಿನಿಂದ ಹತ್ತಾರು ಚಿಗುರು ಏಳುತ್ತವೆ. ಬೇರಿನ ತಲೆಯನ್ನೇ ಅಗೆದು ತೆಗೆಯಬೇಕು. ಆ ಅಗೆತದ ಕೂಲಿ ಇದ್ದಿಲಿನ ಬೆಲೆಯಿಂದ ಹುಟ್ಟದಿರಬಹುದು. ಕೊಯ್ದ ಹಲಗೆಯಿಂದ ಹುಟ್ಟೀತು. ಮರದ ಗುಣವನ್ನು ಅರಿಯುವುದು ಹೊಲವನ್ನು ಮರಳಿ ಪಡೆಯುವ ದಾರಿಯೂ ಆಗಬಲ್ಲದು.