ಸೆಮಿಸ್ಟರ್ ಮುಗಿದರೂ ಮುಗಿಯದ ಗಂಗೋತ್ರಿಯ ಲೆಕ್ಕ

ನಾಲ್ಕನೆಯ ಸೆಮಿಸ್ಟರಿನ ಕೊನೆಯ ವಾರ ಬಂತೆಂದರೆ ಮೈಸೂರಿನ ಪಡುವಾರಹಳ್ಳಿ, ಸರಸ್ವತೀಪುರಂ, ಬೋಗಾದಿ ರಸ್ತೆಗಳ ಜೆರಾಕ್ಸ್ ಅಂಗಡಿಯವರಿಗೆ ಊಟಕ್ಕೆ ಹೋಗಲೂ ಪುರುಸೊತ್ತಿರುವುದಿಲ್ಲ. ಮಾನಸಗಂಗೋತ್ರಿಯ ಹುಡುಗ ಹುಡುಗಿಯರು ಪ್ರಾಜೆಕ್ಟ್ ವರದಿಯ ಕಟ್ಟು ಹಿಡಿದು ಅಂಗಡಿಯ ಮುಂದೆ ಜಮಾಯಿಸಿರುತ್ತಾರೆ. ಗಟ್ಟಿ ರಟ್ಟು, ಮೇಲೆ ಬಂಗಾರದ ಬಣ್ಣದ ಅಕ್ಷರ, ಒಬ್ಬೊಬ್ಬರಿಗೆ ಮೂರು ನಾಲ್ಕು ಪ್ರತಿ. ‘ಅಣ್ಣಾ, ನಾಳೆ ವೈವಾ, ಸಂಜೆಯೊಳಗೆ ಬೇಕೇ ಬೇಕು’ ಅನ್ನುವವರೇ ಎಲ್ಲ. ಮೇಷ್ಟ್ರು ಸಹಿ ಹಾಕಿಕೊಟ್ಟದ್ದು ಆ ಮಧ್ಯಾಹ್ನ ತಾನೇ! ಹಾಳೆ ತಲೆಕೆಳಗಾಗಿ ಬೈಂಡ್ ಆಗಿದ್ದರೆ ಅಳುವೂ ಉಂಟು, ಜಗಳವೂ ಉಂಟು.

ಒಳಗೆ ಕ್ಯಾಂಪಸ್ಸಿನಲ್ಲಿ ಬೇರೆಯೇ ಸಂಭ್ರಮ. ಒಂದೊಂದು ವಿಭಾಗದಲ್ಲೂ ಬೀಳ್ಕೊಡುಗೆ. ಹುಡುಗಿಯರು ರೇಷ್ಮೆ ಸೀರೆ, ಹುಡುಗರು ಬಿಳಿ ಪಂಚೆ. ಮೇಷ್ಟ್ರ ಭಾಷಣ ಯಾರೂ ಕೇಳಿಸಿಕೊಳ್ಳುವುದಿಲ್ಲ, ಫೋಟೋ ಮಾತ್ರ ನೂರಾರು. ಆದರೂ ಈ ಬೀಳ್ಕೊಡುಗೆಯ ಚಾಳಿ ಈ ವಿಶ್ವವಿದ್ಯಾನಿಲಯಕ್ಕೆ ಇಂದು ನೆನ್ನೆಯದಲ್ಲ. 1918ರಿಂದ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿಕೊಡುತ್ತಿದ್ದ ಎಸ್. ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತೆಗೆ ಹೊರಟಾಗ ಹುಡುಗರು ಸಾರೋಟಿನ ಕುದುರೆ ಬಿಚ್ಚಿ ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಮುಂದೆ ಅವರು ರಾಷ್ಟ್ರಪತಿಯಾದದ್ದು ಬೇರೆ ಮಾತು. ಅಂದು ಎಳೆದದ್ದು ಮೇಷ್ಟ್ರನ್ನು, ರಾಷ್ಟ್ರಪತಿಯನ್ನಲ್ಲ.

1916ರ ಜುಲೈ 27ರಂದು ಹುಟ್ಟಿದ್ದು ಮೈಸೂರು ವಿಶ್ವವಿದ್ಯಾನಿಲಯ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ದಿವಾನರು ಸರ್ ಎಂ. ವಿಶ್ವೇಶ್ವರಯ್ಯ, ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ದೇಶೀಯ ಸಂಸ್ಥಾನವೊಂದರಲ್ಲಿ ಎದ್ದ ಮೊದಲ ವಿಶ್ವವಿದ್ಯಾನಿಲಯ ಅದು. ಮೊದಲಿಗೆ ಇದ್ದ ಬಂಡವಾಳ ಎರಡೇ ಕಾಲೇಜು: ಇಲ್ಲಿಯ ಮಹಾರಾಜ, ಬೆಂಗಳೂರಿನ ಸೆಂಟ್ರಲ್. ಕುಕ್ಕರಹಳ್ಳಿ ಕೆರೆಯ ಆಚೆ ಸ್ನಾತಕೋತ್ತರ ಕೇಂದ್ರ ಬಂದದ್ದು 1960ರಲ್ಲಿ. ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟವರು ಆಗ ಕುಲಪತಿಗಳಾಗಿದ್ದ ಕುವೆಂಪು. ಬಸ್ಸಿನವರ ಬಾಯಲ್ಲಿ ಅದು ಬರೀ ‘ಗಂಗೋತ್ರಿ’. ಆ ಕುವೆಂಪು ಕೂಡ ಹಿಂದೆ ಮಲೆನಾಡಿನಿಂದ ಓದಲೆಂದು ಈ ಊರಿಗೆ ಬಂದು, ರಾಮಕೃಷ್ಣಾಶ್ರಮದಲ್ಲಿ ಇದ್ದುಕೊಂಡು, ಇದೇ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ಮಾಡಿದವರು.

ಸಾಧನೆ ಅಂದಕೂಡಲೇ ಎಲ್ಲರ ಕಣ್ಣು ಹೋಗುವುದು ಚಿನ್ನದ ಪದಕದ ಮೇಲೆ. ಈ ಪದಕದ ಒಳಗುಟ್ಟು ಅಂಗಡಿ ನಡೆಸುವವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಯಾರೋ ಪುಣ್ಯಾತ್ಮರು ತಂದೆ ತಾಯಿಯ ಹೆಸರಿನಲ್ಲಿ ಇಷ್ಟು ಹಣ ಅಂತ ದತ್ತಿ ಇಡುತ್ತಾರೆ. ಅಸಲು ಹಾಗೇ ಇರುತ್ತದೆ, ಬಡ್ಡಿಯಲ್ಲಿ ವರ್ಷವರ್ಷ ಪದಕ. ಐವತ್ತು ವರ್ಷದ ಹಿಂದೆ ಇಟ್ಟ ದುಡ್ಡಿನ ಬಡ್ಡಿಗೆ ಇವತ್ತು ಚಿನ್ನ ಎಲ್ಲಿ ಬರಬೇಕು? ಆದ್ದರಿಂದ ಬಹಳಷ್ಟು ಕಡೆ ಚಿನ್ನದ ಪದಕ ಅಂದರೆ ಚಿನ್ನದ ಲೇಪ. ಗಿರವಿ ಅಂಗಡಿಗೆ ತೆಗೆದುಕೊಂಡು ಹೋದರೆ ನಗುತ್ತಾರೆ. ಕನ್ನಡಕ್ಕೆ ದತ್ತಿ ಇಟ್ಟವರು ಹೆಚ್ಚಾದ್ದರಿಂದ ಕನ್ನಡ ಎಂ.ಎ.ಯಲ್ಲಿ ಮೊದಲು ಬಂದವರ ಕೊರಳಿಗೆ ಹತ್ತಕ್ಕೂ ಮೇಲೆ ಪದಕ ಬೀಳುವುದುಂಟು. ಈಚಿನ ವರ್ಷಗಳಲ್ಲಿ ಪದಕದ ಪಟ್ಟಿಯಲ್ಲಿ ಹೆಣ್ಣುಮಕ್ಕಳದೇ ಮೇಲುಗೈ. ಮಾರನೆಯ ದಿನದ ಪತ್ರಿಕೆಯಲ್ಲಿ ಅವ್ವ ಅಪ್ಪನ ಜೊತೆ ನಿಂತ ಚಿತ್ರ.

ಆದರೆ ಪದಕ ಸಿಗುವುದು ಬೆರಳೆಣಿಕೆಯ ಮಂದಿಗೆ. ಉಳಿದವರು? ನಂಜನಗೂಡು, ತಿ. ನರಸೀಪುರ, ಎಚ್.ಡಿ. ಕೋಟೆ, ಗುಂಡ್ಲುಪೇಟೆ ಕಡೆಯಿಂದ ಬಂದ ಹುಡುಗ, ಮನೆಯಲ್ಲೇ ಮೊದಲ ಬಾರಿ ಕಾಲೇಜು ಮೆಟ್ಟಿಲು ಹತ್ತಿದವನು, ಎಂ.ಎ.ಯೋ ಎಂ.ಎಸ್ಸಿ.ಯೋ ಮುಗಿಸಿ ಶೇಕಡಾ ಅರವತ್ತು ತೆಗೆದ ಅಂದರೆ ಅದು ಯಾವ ಪದಕಕ್ಕೆ ಕಡಿಮೆ? ಅವನಿಗೆ ವೇದಿಕೆಯಿಲ್ಲ, ಫೋಟೋ ಇಲ್ಲ. ಅವನ ಸಾಧನೆ ದಾಖಲಾಗಿರುವುದು ಪಡುವಾರಹಳ್ಳಿಯ ಟೀ ಅಂಗಡಿಯ ಖಾತೆ ಪುಸ್ತಕದಲ್ಲಿ. ಬೆಳಿಗ್ಗೆ ಇಡ್ಲಿ, ಸಂಜೆ ಟೀ, ಮಳೆ ಬಂದ ದಿನ ಬೋಂಡಾ. ‘ಸ್ಕಾಲರ್‌ಶಿಪ್ ಬ್ಯಾಂಕಿಗೆ ಬೀಳಲಿ ಅಣ್ಣಾ, ಕೊಡ್ತೀನಿ’ ಎಂಬ ಮಾತಿನ ಮೇಲೆ ತಿಂಗಳುಗಟ್ಟಲೆ ಲೆಕ್ಕ ನಡೆಯುತ್ತದೆ. ಕೊಡದೆ ಹೋದವರು ಇಲ್ಲವೆಂದಲ್ಲ. ಆದರೆ ಕೆಲಸ ಸಿಕ್ಕ ಮೇಲೆ ಹೆಂಡತಿ ಮಕ್ಕಳ ಸಮೇತ ಬಂದು ಹಳೇ ಬಾಕಿ ತೀರಿಸುವವರ ಕಥೆಯನ್ನೇ ಅಂಗಡಿಯವರು ಹೆಚ್ಚು ಹೇಳುತ್ತಾರೆ.

ಸೆಮಿಸ್ಟರ್ ಮುಗಿಯುವ ಈ ಹೊತ್ತು ಆ ಹುಡುಗನಿಗೆ ಹಬ್ಬವಲ್ಲ, ಇಕ್ಕಟ್ಟು. ಹಾಸ್ಟೆಲಿನ ರೂಮು ಬಿಡಬೇಕು. ಬಾಡಿಗೆ ರೂಮಿನವನಾದರೆ ಅಡ್ವಾನ್ಸಿನಲ್ಲಿ ಸುಣ್ಣಬಣ್ಣಕ್ಕೆ ಅಂತ ಮನೆಯವರು ಎಷ್ಟು ಮುರಿದುಕೊಳ್ಳುತ್ತಾರೋ ಎಂಬ ಚಿಂತೆ. ಊರಿಗೆ ಹೋದರೆ ‘ಓದಿದ್ದು ಮುಗೀತಲ್ಲ, ಕೆಲಸ ಯಾವಾಗ?’ ಅಂತ ಕೇಳುವವರ ಕಾಟ. ಆದ್ದರಿಂದ ಎಷ್ಟೋ ಮಂದಿ ಊರಿಗೇ ಹೋಗುವುದಿಲ್ಲ. ಮೂರು ಜನರ ರೂಮಿನಲ್ಲಿ ಐದು ಜನ ಸೇರಿಕೊಂಡು ಎಫ್‌ಡಿಎ, ಪಿಎಸ್‌ಐ, ಕೆ-ಸೆಟ್ ಅಂತ ಓದಿಗೆ ಕೂರುತ್ತಾರೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ವಾಕಿಂಗ್ ಬರುವ ದೊಡ್ಡ ಮನುಷ್ಯರು ಹಕ್ಕಿ ನೋಡುತ್ತಾರೆ. ಮರದ ಬುಡದಲ್ಲಿ ಕೂತ ಈ ಹುಡುಗರು ಪುಸ್ತಕ ಬಿಟ್ಟು ತಲೆ ಎತ್ತುವುದಿಲ್ಲ.

ಹೆಣ್ಣುಮಕ್ಕಳ ಕಥೆ ಸ್ವಲ್ಪ ಬೇರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಶೂನ್ಯ ಟಿಕೆಟ್. ಹಾಸ್ಟೆಲಿಗೆ ಕಳಿಸಲು ಒಪ್ಪದ ಮನೆಯವರೂ ‘ದಿನಾ ಹೋಗಿ ಬಾ’ ಅನ್ನುವುದು ಸುಲಭವಾಯಿತು. ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ನೋಟ್ಸ್ ಓದುವ ಹುಡುಗಿಯರನ್ನು ಆ ದಾರಿಯ ಪ್ರಯಾಣಿಕರೆಲ್ಲ ಕಂಡಿರುತ್ತಾರೆ. ನೂಕುನುಗ್ಗಲಿಗೆ ಗೊಣಗುವವರು ಗೊಣಗಲಿ. ಹಾಸ್ಟೆಲ್ ಖಾಲಿ ಮಾಡಿ ಹೊರಟ ದಿನ ಮಾತ್ರ ಕಂಡಕ್ಟರ್ ಜೊತೆ ಚರ್ಚೆ ಇದ್ದದ್ದೇ. ಹುಡುಗಿಗೆ ಟಿಕೆಟ್ ಇಲ್ಲ, ಮಿತಿ ಮೀರಿದ ಹಾಸಿಗೆ, ಟ್ರಂಕಿಗೆ ಉಂಟು!

ಇನ್ನು ಮಾರ್ಕ್ಸ್ ಕಾರ್ಡಿನ ವಿಷಯ. ಪರೀಕ್ಷೆ ಬರೆದಾಯಿತು, ಫಲಿತಾಂಶ ಯಾವಾಗ? ಇದು ಒಂದು ವಿಶ್ವವಿದ್ಯಾನಿಲಯದ ರೋಗವಲ್ಲ, ರಾಜ್ಯದಲ್ಲೆಲ್ಲ ಕೇಳಿಬರುವ ಗೋಳು. ಪದವಿ ತರಗತಿಗಳಿಗೆ 2021-22ರಿಂದ ಯುಯುಸಿಎಂಎಸ್ ಎಂಬ ಒಂದೇ ಕಂಪ್ಯೂಟರ್ ವ್ಯವಸ್ಥೆ ಬಂದಾಗ ಎಲ್ಲ ಚಕಚಕ ಆಗುತ್ತದೆ ಅಂದರು. ‘ಸರ್ವರ್ ಡೌನ್ ಸಾರ್’ ಎಂಬ ಹೊಸ ಮಾತು ಕಾಲೇಜು ಕಚೇರಿಗಳಲ್ಲಿ ಚಲಾವಣೆಗೆ ಬಂತು. ಎಂ.ಎ. ಮುಗಿಸಿದವನಿಗೆ ಕೆ-ಸೆಟ್ ಕಟ್ಟಲು ಶೇಕಡಾ 55 ಅಂಕ ಬೇಕು, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ 50. ಕೊನೆಯ ವರ್ಷದವರೂ ಪರೀಕ್ಷೆ ಬರೆಯಬಹುದು, ಆದರೆ ಗಡುವಿನೊಳಗೆ ಅಂಕಪಟ್ಟಿ ತೋರಿಸಬೇಕು. ಬಿ.ಎಡ್.ಗೂ ಹಾಗೇ, ನೌಕರಿ ಅರ್ಜಿಗೂ ಹಾಗೇ. ಹದಿನೈದು ದಿನ ಫಲಿತಾಂಶ ತಡವಾದರೆ ಕಚೇರಿಗೆ ಅದು ಹದಿನೈದು ದಿನ. ಅರ್ಜಿಯ ಕೊನೆಯ ದಿನಾಂಕ ದಾಟಿದ ಹುಡುಗನಿಗೆ ಒಂದು ವರ್ಷ.

ತಡ ಯಾಕೆ ಅಂದರೆ ಉತ್ತರ ಪತ್ರಿಕೆ ನೋಡಲು ಮೇಷ್ಟ್ರು ಬೇಕಲ್ಲ! ಖಾಲಿ ಹುದ್ದೆ ತುಂಬಿಲ್ಲ, ತುಂಬಲು ಹಣವಿಲ್ಲ. ಒಂದು ಕಾಲದಲ್ಲಿ ಹಳೇ ಮೈಸೂರು ರಾಜ್ಯಕ್ಕೆಲ್ಲ ಇದೊಂದೇ ವಿಶ್ವವಿದ್ಯಾನಿಲಯ. 1964ರಲ್ಲಿ ಬೆಂಗಳೂರು ಬೇರೆಯಾಯಿತು, 1980ರಲ್ಲಿ ಮಂಗಳೂರು, 1987ರಲ್ಲಿ ಶಿವಮೊಗ್ಗ ಕಡೆಯ ಕುವೆಂಪು ವಿಶ್ವವಿದ್ಯಾನಿಲಯ. ಆಮೇಲೆ ವೈದ್ಯಕೀಯ ಕಾಲೇಜುಗಳು ಒಂದು ಕಡೆ ಹೋದವು, ಎಂಜಿನಿಯರಿಂಗ್ ಇನ್ನೊಂದು ಕಡೆ. ಕೊನೆಗೆ ಹಾಸನ, ಮಂಡ್ಯ, ಚಾಮರಾಜನಗರಗಳಿಗೂ ಅವವೇ ವಿಶ್ವವಿದ್ಯಾನಿಲಯ. ಹಾಸನದ ಹೇಮಗಂಗೋತ್ರಿ ಇದರ ಮಗಳ ಹಾಗಿದ್ದದ್ದು ಬೇರೆ ಸಂಸಾರ ಹೂಡಿತು. ಪಾಲಾಗುವಾಗ ಕಾಲೇಜುಗಳ ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕದ ಆದಾಯ ಹೋಯಿತು. ನಿವೃತ್ತರಾದವರ ಪಿಂಚಣಿಯ ಹೊರೆ ಮಾತ್ರ ಹಿರಿಮನೆಯ ಹೆಗಲ ಮೇಲೇ ಉಳಿಯಿತು. ಅವಿಭಕ್ತ ಕುಟುಂಬ ಒಡೆದು ಅಂಗಡಿ ಹಂಚಿಕೊಂಡ ಯಾರಿಗಾದರೂ ಈ ಲೆಕ್ಕ ಗೊತ್ತು. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಹೊಸ ವಿಶ್ವವಿದ್ಯಾನಿಲಯಗಳಲ್ಲಿ ಒಂಬತ್ತನ್ನು ಮುಚ್ಚಿ ಹಿರಿಮನೆಗೆ ಸೇರಿಸಬೇಕು ಅಂದಾಗ ಎದ್ದ ಗದ್ದಲ ಎಲ್ಲರಿಗೂ ನೆನಪಿದೆ.

ಈ ನಡುವೆ ಪಾಠ ನಡೆಸಿಕೊಂಡು ಹೋಗುತ್ತಿರುವವರು ಅತಿಥಿ ಉಪನ್ಯಾಸಕರು. ಹೆಸರಿಗೆ ಅತಿಥಿ, ಎಷ್ಟೋ ಮಂದಿಗೆ ಹತ್ತು ಹದಿನೈದು ವರ್ಷದ ಸೇವೆ. ಪಿಎಚ್.ಡಿ. ಆಗಿದೆ, ಸೆಟ್ ಆಗಿದೆ, ತಲೆಗೂದಲು ನರೆತಿದೆ. ಬೀಳ್ಕೊಡುಗೆಯ ದಿನ ಹುಡುಗರು ಕಾಲಿಗೆ ಬೀಳುವುದು ಇವರಿಗೇ ಹೆಚ್ಚು, ಕ್ಲಾಸು ತೆಗೆದುಕೊಂಡವರು ಇವರಲ್ಲವೇ! ಸೆಮಿಸ್ಟರ್ ಮುಗಿದರೆ ಇವರ ಸಂಬಳವೂ ಮುಗಿಯಿತು. ರಜೆಯ ತಿಂಗಳಿಗೆ ಕಾಸಿಲ್ಲ. ದಿನಸಿ ಅಂಗಡಿಯಲ್ಲಿ ಇವರದೂ ಒಂದು ಖಾತೆ ಇರುತ್ತದೆ, ಹುಡುಗರ ಖಾತೆಯ ಪಕ್ಕದ ಪುಟದಲ್ಲೇ. ಮುಂದಿನ ಸಾಲಿಗೆ ಮತ್ತೆ ಅರ್ಜಿ ಹಾಕಬೇಕು, ಮತ್ತೆ ಮೂಲ ದಾಖಲೆ ಹಿಡಿದು ಸಂದರ್ಶನಕ್ಕೆ ನಿಲ್ಲಬೇಕು. ಆ ಸಾಲಿನಲ್ಲಿ ಹಿಂದೆ ತಿರುಗಿ ನೋಡಿದರೆ ಕೆಲವೇ ವರ್ಷದ ಹಿಂದೆ ತಾವೇ ಪಾಠ ಹೇಳಿದ ಹುಡುಗ ಅದೇ ಹುದ್ದೆಗೆ ಅರ್ಜಿ ಹಿಡಿದು ನಿಂತಿರುತ್ತಾನೆ, ‘ನಮಸ್ಕಾರ ಸಾರ್’ ಅನ್ನುತ್ತಾನೆ.